ಕೊನೇ ಪೀರಿಯಡ್ಡಿನ ಮಗ್ಗಿ

ಜುಲೈ ೨, ೧೯೭೯. ಸೋಮವಾರ

ವಿಮಾ ಏಜೆಂಟರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಅರ್ಧ ವರ್ಷ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಇವತ್ತು ತೆಗೆದೆ, ಏಕೆಂದರೆ ಮಾತಾಡಲು ಯಾರೂ ಇಲ್ಲ. ಹೆಂಡತಿ ಮಾರಕ್ಕ ಮಕ್ಕಳನ್ನು ಕಟ್ಟಿಕೊಂಡು ಶಿರಾದಲ್ಲಿ ತವರಿನಲ್ಲಿದ್ದಾಳೆ. ನಾನು ಬಡವನಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ದಿನಾ ಸ್ಕೂಲಿಗೆ ಸೈಕಲ್ ತುಳಿಯುತ್ತೇನೆ. ಸ್ಕೂಲಿರುವ ಊರಿನಲ್ಲಿ ಖಾಲಿ ಮನೆಗಳಿಲ್ಲದೆ ಏನಿಲ್ಲ. ಹೆಸರು ಕೇಳುವ ತನಕ ಖಾಲಿ ಇರುತ್ತವೆ. ಸಣ್ಣರಂಗಯ್ಯ ಅಂತ ಹೇಳಿ, ಯಾವ ಪೈಕಿ ಎಂದು ಅವರು ಕೇಳಿ ತಿಳಿದ ಮೇಲೆ ಎಲ್ಲಕ್ಕೂ ಅದೇ ವಾರ ಯಾರೋ ನೆಂಟರು ಬರುವವರಿರುತ್ತಾರೆ.

ಬೆಳಿಗ್ಗೆ ತಡವಾಗಿ ಬಂದವರಿಗೆ ಎರಡೆರಡು ಏಟು ಕೊಟ್ಟೆ. ಕೊಟ್ಟು ನನ್ನ ರಟ್ಟೆಯೇ ನೋಯಿತು. ನಾಲ್ಕನೇ ಕ್ಲಾಸು ನನ್ನದು. ಕೊನೇ ಪೀರಿಯಡ್ಡು ಮಗ್ಗಿ. ಈ ಕಡೆಯ ಎಲ್ಲ ಸ್ಕೂಲುಗಳಲ್ಲಿ ನಡೆಯುವ ಹಾಗೆಯೇ ಇಲ್ಲೂ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಮಗ್ಗಿ ಕೇಳುವುದು. ತಪ್ಪು ಹೇಳಿದವರು ನಿಂತೇ ಇರಬೇಕು. ಸರಿ ಹೇಳಿದವನು ಹೋಗಿ ಅವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಒಂದೊಂದು ಬಿಗಿಯಬೇಕು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಇದೊಂದು ಇಲ್ಲದಿದ್ದರೆ ಹದಿನೈದರ ಮೇಲಿನ ಮಗ್ಗಿಯನ್ನು ಒಬ್ಬನೂ ಬಾಯಿಪಾಠ ಮಾಡುವುದಿಲ್ಲ.

ಕಿಟಕಿ ಕಡೆಯಿಂದ ಶುರು ಮಾಡುತ್ತೇನೆ. ಬಾಗಿಲ ಕಡೆ ಕಾಲೋನಿಯ ಮಕ್ಕಳು ಕೂರುವ ಸಾಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಜುಲೈ ೯, ಸೋಮವಾರ

ಬಿಸಿಲು. ಎದುರುಗಾಳಿ. ಮಕ್ಕಳ ವರ್ಷವಂತೆ ಇದು, ಸರ್ಕಾರದಿಂದ ಒಂದು ಚಿತ್ರಪಟ ಬಂದಿದೆ, ಗುಂಡುಗುಂಡಾಗಿ ನಗುವ ಮಗುವಿನದು. ಹೆಡ್‌ಮಾಸ್ಟರ್ ನಾಗಲಿಂಗಯ್ಯನವರು ಅದನ್ನು ತಮ್ಮ ಕುರ್ಚಿಯ ಹಿಂದೆ ಹಾಕಿಸಿಕೊಂಡರು. ಅದರ ಕೆಳಗಿನ ಮೊಳೆಯಲ್ಲೇ ಅವರ ಬೆತ್ತವೂ ನೇತಾಡುತ್ತದೆ.

ಮಗ್ಗಿ ಚೆನ್ನಾಗಿ ನಡೆಯಿತು. ಊರಿನ ದೊಡ್ಡ ಕುಳ ಕದರಪ್ಪನವರ ಮಗ ಓಬಳೇಶ ಮೂರು ಮಂದಿಯ ಮೂಗು ಹಿಡಿದ. ಬಾಗಿಲ ಸಾಲಿಗೆ ಹೊತ್ತಾಗಲಿಲ್ಲ.

ಜುಲೈ ೨೧, ಶನಿವಾರ

ಸಂಬಳದ ಬಿಲ್ಲಿಗೆ ಮಧುಗಿರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ಮುದುಕರು ಬಸ್ಸಿನ ಬೋರ್ಡು ಓದಲಾಗದೆ ಅವರಿವರನ್ನು ಕೇಳುತ್ತಿದ್ದರು. ದನಿ ಕೇಳಿದ ಕೂಡಲೇ ನನ್ನ ಕಾಲುಗಳು ತಾವೇ ಕೂಡಿಕೊಂಡವು, ಪ್ರಾರ್ಥನೆಗೆ ನಿಂತ ಹುಡುಗನ ಹಾಗೆ. ಚನ್ನಮಲ್ಲಯ್ಯ ಮೇಷ್ಟ್ರು. ನಮ್ಮೂರಲ್ಲಿ ನನಗೆ ಅಕ್ಷರ ಕಲಿಸಿದವರು. ಕಣ್ಣಿಗೆ ಪೊರೆ ಬಂದಿದೆ. ಹೆಸರು ಹೇಳಿದೆ. ಭುಜ ತಡವಿ, ಮುಖ ತಡವಿ, ಬಹಳ ಸಂತೋಷಪಟ್ಟರು. ನಾನು ಮೇಷ್ಟ್ರಾಗಿದ್ದೇನೆ ಎಂದಾಗ ಪಕ್ಕದ ಸೋಡಾ ಅಂಗಡಿಯವನನ್ನು ಕೂಗಿದರು.

"ನೋಡಯ್ಯ, ನಮ್ಮ ಶಿಷ್ಯ. ನನ್ನ ಕೈಯಲ್ಲಿ ಏಟು ತಿಂದೇ ಇವನು ಮೇಷ್ಟ್ರಾದ. ಅಲ್ಲವೇನೋ?"

ಅಂಗಡಿಯವನು ತಲೆದೂಗಿದ. ಬೆಂಚಿನ ಮೇಲಿದ್ದವರೂ ತಲೆದೂಗಿದರು. ನಾನು "ಹೌದು ಸಾರ್" ಅಂದೆ. ಅವರನ್ನು ಬಸ್ಸು ಹತ್ತಿಸಿ, ಸೀಟು ಹಿಡಿದುಕೊಟ್ಟು, ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದೆ.

ಕೋಣೆಗೆ ಬಂದ ಮೇಲೆ ಊಟ ಸೇರಲಿಲ್ಲ. ಹೌದು ಸಾರ್ ಅಂತೆ, ಹೌದು ಸಾರ್! ಎಷ್ಟೋ ಸಲ ನಾನೇ ಭಾಷಣದಲ್ಲಿ ಹೇಳಿದ್ದೇನೆ, ಗುರುಗಳ ಪೆಟ್ಟೇ ನನ್ನನ್ನು ತಿದ್ದಿತು ಎಂದು. ಚಪ್ಪಾಳೆ ಬೀಳುತ್ತದೆ. ಅದು ಎಂಥ ಪೆಟ್ಟು ಎಂದು ಯಾರೂ ಕೇಳಿಲ್ಲ.

ಜುಲೈ ೨೩, ಸೋಮವಾರ

ಬೆತ್ತ ಮರೆತು ಬಂದಿದ್ದೆ. ಹಾಗೇ ಕಳೆಯಿತು.

ಆಗಸ್ಟ್ ೨, ಗುರುವಾರ

ಬಾಗಿಲ ಸಾಲಿನಲ್ಲಿ ಪಟಾಲಮ್ಮ ಎಂದು ಒಂದು ಹುಡುಗಿ ಇದೆ. ಕಾಲೋನಿಯ ಚಿಕ್ಕನರಸಯ್ಯನ ಮಗಳು. ಅವನು ಕದರಪ್ಪನವರ ಹೊಲದಲ್ಲಿ ದುಡಿಯುತ್ತಾನೆ. ಸಾಯಂಕಾಲ ಎಲ್ಲರೂ ಓಡಿದ ಮೇಲೆ ಅವಳು ನನ್ನ ಸೈಕಲ್ಲಿನ ಹತ್ತಿರ ನಿಂತಿದ್ದಳು. ಏನಮ್ಮ ಅಂದೆ.

"ನಮ್ ಸಾಲ್ನಿಂದ ಒಂದ್ ದಿನ ಸುರು ಮಾಡಿ ಸಾ. ನಂಗೆ ಹತ್ತೊಂಬತ್ತರ ತಂಕ ಬತ್ತದೆ."

ಆಗಲಿ ನೋಡೋಣ ಅಂದೆ. ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು ಅನಿಸುತ್ತದೆ. ತಲೆಯಾಡಿಸಿ ಹೋದಳು. ದಾರಿಯುದ್ದಕ್ಕೂ ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಯಾಕೆ ಬಂತೋ.

ಆಗಸ್ಟ್ ೩, ಶುಕ್ರವಾರ

ತಲೆನೋವು. ರಜೆ ಹಾಕಿ ಕೋಣೆಯಲ್ಲೇ ಬಿದ್ದುಕೊಂಡಿದ್ದೆ. ಬರೆದುಬಿಡುತ್ತೇನೆ, ಬರೆದರಾದರೂ ಬಿಡುತ್ತದೇನೋ.

ಆಗ ನನಗೆ ಹತ್ತು ವರ್ಷವಿದ್ದೀತು. ನಮ್ಮೂರು ಕೊರಟಗೆರೆ ಕಡೆ. ಚನ್ನಮಲ್ಲಯ್ಯ ಮೇಷ್ಟ್ರು ಒಳ್ಳೆಯವರೆಂದೇ ಹೆಸರು. ನಮ್ಮ ಕೇರಿಯ ಹುಡುಗರನ್ನು ಜಗಲಿಯಿಂದ ಒಳಗೆ ಕರೆದು ಕೂರಿಸಿದವರು ಅವರೇ. ಅದನ್ನು ಮರೆತರೆ ಬಾಯಲ್ಲಿ ಹುಳು ಬಿದ್ದೀತು. ಆದರೆ ಮಗ್ಗಿಯಲ್ಲಿ ನಾನು ಸರಿ ಹೇಳಿದಾಗ ಅವರು ನನ್ನನ್ನು ಕಳಿಸುತ್ತಿರಲಿಲ್ಲ. "ಕೂತ್ಕೋ ರಂಗ, ನಿನ್ನ ಪರವಾಗಿ ನಾನು ಹೊಡೀತೀನಿ" ಎಂದು ತಾವೇ ಹೋಗಿ ಎಲ್ಲರ ಮೂಗು ಹಿಡಿಯುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ಅವರು ಹಾಜರಿ ಬರೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಸರಿ ಹೇಳಿದವನು ಯಾರೆಂದು ನೋಡದೆಯೇ "ಹೋಗು, ಹಿಡಿ" ಅಂದರು. ನಾನು ಹೋದೆ. ಎಷ್ಟು ಖುಷಿಯಾಗಿತ್ತು! ಪಟೇಲರ ಮಗನ ಮೂಗಿನಲ್ಲಿ ಸಿಂಬಳವಿತ್ತು, ಅದನ್ನೂ ಲೆಕ್ಕಿಸಲಿಲ್ಲ. ಮೆತ್ತಗೇ ಹೊಡೆದೆ.

ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ನಿಂತಿದ್ದಾಗ, ಮೇಷ್ಟ್ರು ಹುಣಿಸೆ ಬರಲು ತಂದರು. ಪಟೇಲರು ಕಾಂಪೌಂಡಿನ ಆಚೆ ನಿಂತಿದ್ದರು. "ಮುಟ್ಟು ಅಂತ ನಿನಗೆ ಯಾರು ಹೇಳಿದರು?" ಎಂದು ಕೇಳುತ್ತ ಕೇಳುತ್ತ ಹೊಡೆದರು. ಹೇಳಿದವರು ಅವರೇ. ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಏಟು ಬೀಳುತ್ತಿತ್ತು. ಬೆನ್ನಿನ ಬಾಸುಂಡೆ ವಾರಕ್ಕೆ ಮಾಯಿತು. ಇದೊಂದು ಮಾಯಲಿಲ್ಲ. ಆಮೇಲೆ ಅವರು ನನ್ನ ಜೊತೆ ಮೊದಲಿನಂತೆಯೇ ಇದ್ದರು, ಸ್ಲೇಟು ಬಳಪ ಕೊಡಿಸಿದರು. ನಿನ್ನ ತಪ್ಪಿಲ್ಲ ಎನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ಇಷ್ಟು ಬರೆದೆ. ತಲೆನೋವು ಹಾಗೇ ಇದೆ.

ಆಗಸ್ಟ್ ೧೨, ಭಾನುವಾರ. ಶಿರಾ

ಮಾರಕ್ಕನಿಗೆ ಬಸ್‌ಸ್ಟ್ಯಾಂಡಿನ ವಿಷಯ ಹೇಳಿದೆ. ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿಸಿಕೊಂಡಳು. "ಅಷ್ಟ್ ವರ್ಸ ಆಯ್ತಲ್ಲ, ಇನ್ನೂ ಅದ್ನೇ ಒತ್ಕಂಡ್ ತಿರುಗ್ತೀಯಲ್ಲ. ಅತ್ಲಾಗ್ ಬುಡು" ಅಂದಳು. ಬಿಡಬಹುದಾಗಿದ್ದರೆ ಬಿಡುತ್ತಿರಲಿಲ್ಲವೇ ನಾನು?

ಆಗಸ್ಟ್ ೨೭, ಸೋಮವಾರ

ಇವತ್ತು ಬಾಗಿಲ ಸಾಲಿನಿಂದ ಶುರು ಮಾಡಿದೆ. ಮೊದಲೇ ಯೋಚಿಸಿದ್ದೇನೂ ಅಲ್ಲ. ಎದ್ದು ನಿಲ್ಲಿ ಅಂದಾಗ ಮುಖ ಆ ಕಡೆ ತಿರುಗಿತು, ಅಷ್ಟೇ. ಹದಿನೇಳೆಂಟ್ಲ ಎಷ್ಟು ಅಂದೆ. ಮೊದಲ ಇಬ್ಬರು ನೆಲ ನೋಡಿದರು. ಪಟಾಲಮ್ಮ ಬಾಯಿ ತೆರೆಯಲು ಕಾಯುತ್ತಿದ್ದಳು, ಆದರೂ ಅವಳನ್ನು ದಾಟಿ ಕಿಟಕಿಯವರೆಗೂ ಕೇಳುತ್ತ ಹೋದೆ. ಅರ್ಧ ಕ್ಲಾಸು ನಿಂತೇ ಉಳಿಯಿತು. ಓಬಳೇಶ ನೂರಾ ಇಪ್ಪತ್ತಾರು ಅಂದ. ತಿರುಗಿ ಬಂದು ಅವಳನ್ನು ಕೇಳಿದೆ.

"ನೂರಾ ಮೂವತ್ತಾರು ಸಾ."

ಸರಿ ಅಂದೆ. ಅವಳು ಜಾಗ ಬಿಟ್ಟು ಕದಲಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಗೊತ್ತು, ಕೂತ್ಕೋ ಎನ್ನುವ ಮಾತಿಗೆ ಕಾಯುವ ನೋಟ ಅದು. ನನ್ನ ಬಾಯಿಗೂ ಅದೇ ಬಂದಿತ್ತು.

"ಹೋಗು" ಅಂದೆ.

ಹೋದಳು. ಕಿಟಕಿ ಕಡೆಯ ಮೊದಲ ಹುಡುಗಿ ಹಿಂದೆ ಸರಿದಳು. ನಾನು ಅಲ್ಲೇ ನಿಂತದ್ದು ನೋಡಿ ಆಮೇಲೆ ಸರಿಯಲಿಲ್ಲ. ಒಂದೆರಡು ಮೂಗು ದಾಟಿದ ಮೇಲೆ ಆಟ ಆಟವೇ ಆಯಿತು. ಎಲ್ಲರಿಗೂ ನಗು ಬಂತು. ಅವಳು ಓಬಳೇಶನ ಮೂಗು ಹಿಡಿದಾಗ ಅವನೂ "ಮೆಲ್ಲುಗೆ ಕಣೇ" ಎಂದು ನಕ್ಕುಬಿಟ್ಟ. ಮಕ್ಕಳಿಗೆ ಏನು ಗೊತ್ತಾಗುತ್ತದೆ, ನಾವು ಕಲಿಸಿದರೆ ತಾನೇ. ಗಂಟೆ ಹೊಡೆದದ್ದೇ ತಿಳಿಯಲಿಲ್ಲ. ಬರುವಾಗ ಇಳಿಜಾರಿನಲ್ಲಿ ಪೆಡಲು ಬಿಟ್ಟು ಬಂದೆ. ಹೋಟೆಲಿನಲ್ಲಿ ಎರಡು ಪ್ಲೇಟು ಚಿತ್ರಾನ್ನ ತಿಂದೆ. ಇಷ್ಟು ಹಸಿವಾಗಿ ಎಷ್ಟು ಕಾಲವಾಗಿತ್ತೋ.

ಆಗಸ್ಟ್ ೨೮, ಮಂಗಳವಾರ

ಕದರಪ್ಪನವರು ಬಂದಿದ್ದರು. ಶಾಲಾ ಕಮಿಟಿಯ ಅಧ್ಯಕ್ಷರು ಅವರೇ. ಕೂಗಾಡಲಿಲ್ಲ. ಹೆಡ್‌ಮಾಸ್ಟರ ಎದುರು ಕೂತು, ಟವಲ್ಲು ಮಡಿಲಲ್ಲಿಟ್ಟುಕೊಂಡು ಹೇಳಿದರು.

"ಹುಡುಗ್ರಾಟ ಅಂತ ನಂಗೂ ಗೊತ್ತು ಮೇಷ್ಟ್ರೇ. ಊರು ಅಂತ ಒಂದಿದೆಯಲ್ಲ, ಅದ್ಕೂ ಮುಖ ತೋರುಸ್ಬೇಕು. ಎಲ್ರ ಮುಂದೆ ಎರಡೇಟು ಆಕ್ಬುಡಿ. ಇಲ್ಲಿಗೆ ಮುಗೀತು."

ಚಿಕ್ಕನರಸಯ್ಯ ಜಗಲಿಯ ಕೆಳಗೆ ನಿಂತಿದ್ದ. ನಾನು ಹೊರಗೆ ಬಂದಾಗ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನೀವೇ ಒಡೀರಿ ಸಾ. ನಮ್ಮೋರ ಕೈಯಾದ್ರೆ ಮಗೀಗೆ ಅಷ್ಟು ನೋಯಾಕಿಲ್ಲ" ಅಂದ.

ಹೆಡ್‌ಮಾಸ್ಟರು ಮೊಳೆಯಿಂದ ಬೆತ್ತ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲ ಕ್ಲಾಸಿನವರನ್ನೂ ಹೊರಗೆ ನಿಲ್ಲಿಸಿದ್ದರು. ಪಟಾಲಮ್ಮ ಕೈ ಚಾಚಿದಳು. ನಾನು ಹೊಡೆಯಲಿಲ್ಲ. ಬೆತ್ತವನ್ನು ಜಗಲಿಯ ಮೇಲಿಟ್ಟೆ. ಹೆಡ್‌ಮಾಸ್ಟರು ಒಂದು ಕ್ಷಣ ನನ್ನನ್ನು ನೋಡಿ, ತಾವೇ ತೆಗೆದುಕೊಂಡು ಹೊಡೆದರು. ಮುಟ್ಟು ಅಂತ ಯಾರು ಹೇಳಿದರು ಎಂದು ಅವರೂ ಕೇಳಿದರು. ಅವಳು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು ಹೊಡೆಯಲಿಲ್ಲವಲ್ಲ. ಅಷ್ಟಾದರೂ ಆಯಿತಲ್ಲ.

ಆಗಸ್ಟ್ ೨೯, ಬುಧವಾರ

ಪಟಾಲಮ್ಮ ಬಂದಿಲ್ಲ.

ಆಗಸ್ಟ್ ೩೧, ಶುಕ್ರವಾರ

ಇವತ್ತೂ ಇಲ್ಲ. ಮಗ್ಗಿ ಕೇಳಿದೆ. ಮೂಗು ಹಿಡಿಸಲಿಲ್ಲ. ಯಾಕೆ ಸಾ ಎಂದು ಕೇಳಿದರು. ಸುಸ್ತಾಗಿದೆ, ಸುಮ್ಮನೆ ಕೂತ್ಕೊಳ್ಳಿ ಅಂದೆ.

ಸೆಪ್ಟೆಂಬರ್ ೧, ಶನಿವಾರ

ಅರ್ಧ ದಿನದ ಸ್ಕೂಲು ಮುಗಿಸಿ ಕಾಲೋನಿಗೆ ಹೋದೆ. ಈ ಸ್ಕೂಲಿಗೆ ಬಂದ ಮೇಲೆ, ಮಕ್ಕಳ ಲೆಕ್ಕ ಬರೆಯಲು ಹೋದದ್ದು ಬಿಟ್ಟರೆ, ಅತ್ತ ಕಾಲಿಟ್ಟವನಲ್ಲ. ಅಲ್ಲಿ ಕಂಡರೆ ಊರಿನವರು ನನ್ನನ್ನು ಅವರಲ್ಲೊಬ್ಬನೆಂದು ತಿಳಿದಾರು ಎಂಬ ಭಯ. ತಿಳಿದೇ ಇದ್ದಾರೆ, ಇನ್ನೇನು ತಿಳಿಯುವುದು. ದಾಸಮ್ಮ ಎನ್ನುವ ಅಜ್ಜಿ ಚಾಪೆ ಹಾಸಿ, ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದು ಇನ್ನೊಂದು ಚೊಂಬು ಕೇಳಿದೆ.

ಪಟಾಲಮ್ಮ ಬೇಲಿಯ ಹತ್ತಿರ ಮೇಕೆಗೆ ಸೊಪ್ಪು ಹಾಕುತ್ತಿದ್ದಳು. ಕೈ ನೋಡಿದೆ, ಊತ ಇಳಿದಿತ್ತು. ಇಷ್ಟು ವರ್ಷ ನಾನು ಯಾವ ಮಾತನ್ನು ಮೇಷ್ಟ್ರ ಬಾಯಿಂದ ಕೇಳಬೇಕೆಂದಿದ್ದೆನೋ ಅದನ್ನು ನಾನೇ ಹೇಳಿದೆ. "ನಿನ್ನ ತಪ್ಪಿಲ್ಲ ಕಣಮ್ಮ."

"ನಂಗೊತ್ತು ಸಾ" ಅಂದಳು. ಸೊಪ್ಪು ಮುರಿಯುವುದು ನಿಲ್ಲಲಿಲ್ಲ. "ಅವತ್ತು ಅವ್ರ ಮುಂದೆ ಯಾಕ್ ಯೋಳ್ಲಿಲ್ಲ?"

ನಿಂತಿದ್ದೆ. ಮೇಕೆ ನನ್ನ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅದನ್ನು ಬಿಡಿಸಿಕೊಂಡು ಬಂದೆ.

ಸೆಪ್ಟೆಂಬರ್ ೩, ಸೋಮವಾರ

ಬುಧವಾರ ಶಿಕ್ಷಕರ ದಿನಾಚರಣೆ. ಹೆಡ್‌ಮಾಸ್ಟರಿಗೆ ಮಧುಗಿರಿಯಲ್ಲಿ ಚನ್ನಮಲ್ಲಯ್ಯ ಮೇಷ್ಟ್ರ ಪರಿಚಯವಂತೆ, ಅವರನ್ನೇ ಅತಿಥಿಯಾಗಿ ಕರೆದಿದ್ದಾರೆ. ನನ್ನ ಗುರುಗಳೆಂದು ತಿಳಿದು ಬಹಳ ಹಿಗ್ಗಿದರು. ಗುರುಗಳ ಬಗ್ಗೆ ಶಿಷ್ಯನೇ ನಾಲ್ಕು ಮಾತಾಡಬೇಕಂತೆ. ಕದರಪ್ಪನವರ ಅಧ್ಯಕ್ಷತೆ. ಎಲ್ಲ ಸರಿಹೋಗುತ್ತದೆ, ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಹಳೆಯದು ಎಂದರೆ ಅವರಿಗೆ ಕಳೆದ ಮಂಗಳವಾರ.

ಬಹಳ ದಣಿವು. ಜ್ವರ ಬಂದರೆ ಚೆನ್ನಾಗಿತ್ತು.

ಸೆಪ್ಟೆಂಬರ್ ೫, ಬುಧವಾರ

ಜ್ವರ ಬರಲಿಲ್ಲ.

ಫೋಟೋಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಹುಡುಗಿಯರು ಸ್ವಾಗತಗೀತೆ ಹಾಡಿದರು. ನನ್ನ ಸರದಿ ಬಂತು. ಪೂಜ್ಯ ಗುರುಗಳೇ ಎಂದು ಶುರು ಮಾಡಿದೆ. ನಮ್ಮನ್ನು ಜಗಲಿಯಿಂದ ಒಳಗೆ ಕರೆದದ್ದು, ಬಳಪ ಕೊಡಿಸಿದ್ದು ಎಲ್ಲ ಹೇಳಿದೆ. ಆಮೇಲೆ ಪೆಟ್ಟಿನ ಮಾತು ಬರುವ ಜಾಗ. ಹೆಡ್‌ಮಾಸ್ಟರು ಚಪ್ಪಾಳೆಗೆ ಕೈ ಎತ್ತಿಕೊಂಡಿದ್ದರು.

"ಚಿಕ್ಕವನಿದ್ದಾಗ ಸರಿಯುತ್ತರ ಹೇಳಿ, ಮೇಷ್ಟ್ರು ಹೋಗು ಅಂದದ್ದಕ್ಕೆ ಹೋಗಿ ಮೂಗು ಹಿಡಿದೆ. ಅದಕ್ಕೆ ಏಟು ಬಿತ್ತು. ಅದರಲ್ಲಿ ನನ್ನ ತಪ್ಪಿರಲಿಲ್ಲ. ಮೊನ್ನೆ ಪಟಾಲಮ್ಮನಿಗೂ ಏಟು ಬಿತ್ತು. ಅವಳದೂ ತಪ್ಪಿರಲಿಲ್ಲ. ಹೋಗು ಅಂದವನು ನಾನು."

ದನಿ ಸಣ್ಣಗಾಗಿತ್ತು, ಹಿಂದಿನವರಿಗೆ ಕೇಳಿಸಿತೋ ಇಲ್ಲವೋ. ಕದರಪ್ಪನವರಿಗೆ ಕೇಳಿಸಿತು. ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಹೆಡ್‌ಮಾಸ್ಟರು ಗಡಿಬಿಡಿಯಲ್ಲಿ ಪೆಪ್ಪರ್‌ಮೆಂಟು ಹಂಚಿಸಿದರು. ಪಾವಗಡದ ಕಡೆ ಮೇಷ್ಟ್ರುಗಳು ಬೇಕಾಗಿದ್ದಾರೆ, ತೆಲುಗು ಕಲಿತುಕೊಳ್ಳಿ ಎಂದು ನನಗೆ ಹೇಳಿದರು.

ಚನ್ನಮಲ್ಲಯ್ಯ ಮೇಷ್ಟ್ರನ್ನು ಬಸ್ಸಿಗೆ ಬಿಡಬೇಕಾದವನು ನಾನೇ. ಕಣ್ಣು ಕಾಣದವರು, ನನ್ನ ಭುಜ ಹಿಡಿದೇ ನಡೆದರು. ರಸ್ತೆಗೆ ಬಂದ ಮೇಲೆ ಹೇಳಿದರು.

"ನಿನ್ನನ್ನು ಹೊಡೆದ ಹಿಂದಿನ ರಾತ್ರಿ ನಿಮ್ಮಪ್ಪ ನನ್ನ ಮನೆ ಬಾಗಿಲಿಗೆ ಬಂದಿದ್ದ ಕಣೋ. ಪಟೇಲರ ಕೈಗೆ ಮಗನನ್ನು ಕೊಡಬೇಡಿ ಸ್ವಾಮಿ, ನೀವೇ ಹೊಡೆದುಬಿಡಿ ಅಂದ. ನಾನೇನು ಮಾಡಬೇಕಿತ್ತು ಹೇಳು."

ಅಪ್ಪ ನನಗಿದನ್ನು ಹೇಳದೆಯೇ ಸತ್ತ. ಮಂಗಳವಾರ ಜಗಲಿಯ ಕೆಳಗೆ ನಿಂತಿದ್ದ ಚಿಕ್ಕನರಸಯ್ಯನ ಮುಖ ಕಣ್ಣ ಮುಂದೆ ಬಂತು. ಮೇಷ್ಟ್ರ ಮೇಲಿನ ಸಿಟ್ಟು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹೊಡೆದದ್ದಿರಲಿ ಸಾರ್. ಆಮೇಲೆ ಒಂದು ಮಾತು ಹೇಳಬಹುದಿತ್ತು" ಅಂದೆ.

ಅವರು ತುಟಿ ಅಲುಗಿಸಿದರು. ನಾನು ಕಾದೆ. ಇಷ್ಟು ವಯಸ್ಸಾದ ಮೇಲೂ, ಹೆಂಡತಿ ಮಕ್ಕಳಾದ ಮೇಲೂ, ನಾಚಿಕೆಯಿಲ್ಲದೆ ಕಾದೆ. ಬಸ್ಸು ಬಂತು. "ಒಳ್ಳೇದಾಗಲಿ ಕಣಪ್ಪ" ಅಂದರು. ಹತ್ತಿಸಿದೆ.

ವಾಪಸು ಬರುವಾಗ ಚಿಕ್ಕನರಸಯ್ಯ ಅಡ್ಡ ಬಂದ. ಸುದ್ದಿ ಆಗಲೇ ಮುಟ್ಟಿತ್ತು. ನಾಳೆಯಿಂದ ಕದರಪ್ಪನವರ ಹೊಲಕ್ಕೆ ಬರಬೇಡ ಅಂದರಂತೆ. ಯಾಕೆ ಸಾ ಅಂಗಂದ್ರಿ, ಯಾರು ಕೇಳಿದ್ರು ನಿಮ್ಮನ್ನ ಎಂದು ನನ್ನ ಮೇಲೆ ಹರಿಹಾಯ್ದ. ಬೈಸಿಕೊಂಡೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಆಗುವುದು ವರ್ಗಾವಣೆ, ಅವನಿಗೆ ತಪ್ಪುವುದು ಗಂಜಿ. ಬೈದು ಸುಸ್ತಾಗಿ ಅವನು ಹೋದ ಮೇಲೆ, ಹಿಂದೆ ನಿಂತಿದ್ದ ಪಟಾಲಮ್ಮ ಮುಂದೆ ಬಂದಳು.

"ಎಲ್ರ ಮುಂದೇನೇ ಯೋಳುದ್ರಾ ಸಾ?"

"ಹೂಂ."

"ಕದ್ರಪ್ಪಾರೂ ಇದ್ರಾ?"

"ಇದ್ದರು."

"ನಿಮ್ಗೊಡೆದ ಮೇಷ್ಟ್ರು ಬಂದಿದ್ರಂತಲ್ಲ. ನಿಮ್ ತಪ್ಪಿಲ್ಲ ಅಂತ ಅವ್ರು ಯೋಳುದ್ರಾ?"

ಇಲ್ಲ ಅಂದೆ.

"ನಿಮ್ದೂ ತಪ್ಪಿರ್ಲಿಲ್ಲ ಬುಡಿ ಸಾ" ಅಂದಳು. ಅಪ್ಪ ದೂರದಿಂದ ಕೂಗಿದ. ಓಡಿದಳು.

ಸೈಕಲ್ ಹತ್ತಿದೆ. ಊರು ದಾಟುವ ತನಕ ತಡೆದುಕೊಂಡೆ. ಆಮೇಲೆ ಒಂದು ಹೊಂಗೆ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಯಾರಾದರೂ ಕಂಡಾರು ಎಂಬ ಪರಿವೆಯೂ ಇಲ್ಲದೆ ಅತ್ತೆ.